ಕಾಯುವುದೂ ಕಾಯಕವಲ್ಲವೆ?

ಕಳೆದ ಜಾತ್ರೆಯ ದಿನ ನಮ್ಮ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಯೊಬ್ಬನು ಕಾಣಲು ಬಂದಿದ್ದನು. ಉದ್ಯೋಗವೇನೆಂದು ವಿಚಾರಿಸಲು, “ಸದ್ಯಕ್ಕೆ ಬೆಂಗಳೂರಿನಲ್ಲಿ ಆ್ಯಪ್ ಮೂಲಕ ಬಾಡಿಗೆ ಕಾರು ಓಡಿಸುತ್ತಿದ್ದೇನೆ, ಗುರುಗಳೇ” ಎಂದನು. ಎಷ್ಟು ಕಾಲದಿಂದ ಎಂದರೆ, ಆರು ವರ್ಷಗಳಿಂದ! ಬೆಳಗಿನ ಐದಕ್ಕೆ ಮನೆ ಬಿಟ್ಟರೆ ಮರಳುವುದು ರಾತ್ರಿ ಒಂಬತ್ತಕ್ಕೆ. ಆದರೂ ಹೆಣ್ಣಿನ ಕಡೆಯವರು ‘ಹುಡುಗನಿಗೆ ಕೆಲಸವಿಲ್ಲ’ ಎನ್ನುತ್ತಾರಂತೆ. ತಂದೆ ತಾಯಿಯರನ್ನು ಸಾಕಿ, ತಂಗಿಯನ್ನು ಓದಿಸಿದ ದುಡಿಮೆಯನ್ನು ದುಡಿಯುವವನೇ ‘ಸದ್ಯಕ್ಕೆ’ ಎಂದು ಹೇಳಿಕೊಳ್ಳಬೇಕಾಗಿ ಬಂದುದು ನನ್ನ ಮನಸ್ಸನ್ನು ಬಹುವಾಗಿ ಕಲಕಿತು.

ಇಂತಹ ಚಾಲನೆಯನ್ನು ಪೂರ್ಣಾವಧಿಯ ಉದ್ಯೋಗವೆಂದು ಎಣಿಸಬೇಕೆ, ಬೇಡವೆ? ಬೇಡವೆನ್ನುವವರ ವಾದ ಸರಳವಾದುದು. ಚಾಲಕನು ಇಷ್ಟವಾದಾಗ ಆ್ಯಪ್ ತೆರೆಯುತ್ತಾನೆ, ಬೇಡವಾದಾಗ ಮುಚ್ಚುತ್ತಾನೆ, ಅವನಿಗೆ ಒಡೆಯನಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಗಿಗ್ ಕಾರ್ಮಿಕನನ್ನು ಮಾಲೀಕ-ನೌಕರರ ಸಾಂಪ್ರದಾಯಿಕ ಸಂಬಂಧದ ಹೊರಗಿನವನೆಂದೇ ಗುರುತಿಸಿದೆ. ಇದರಲ್ಲಿ ಸತ್ಯಾಂಶವಿಲ್ಲವೆನ್ನಲಾರೆ. ಕಚೇರಿ ಮುಗಿಸಿ ಎರಡು ತಾಸು ಓಡಿಸುವವರುಂಟು. ಸುಗ್ಗಿಯ ನಂತರ ನಗರಕ್ಕೆ ಬಂದು ಬಿತ್ತನೆಗೆ ಹಿಂದಿರುಗುವ ರೈತರುಂಟು. ಅವರ ಸ್ವಾತಂತ್ರ್ಯ ಅವರಿಗಿರಲಿ. ಆದರೆ ಸಾಲದ ಕಂತನ್ನು ಹೊತ್ತವನಿಗೆ ಆ್ಯಪ್ ಮುಚ್ಚುವ ಸ್ವಾತಂತ್ರ್ಯವೆಷ್ಟು? ಯಾವ ಸವಾರಿ ಯಾರಿಗೆ ಎಂಬುದು ಅವನ ಕೈಯಲ್ಲಿಲ್ಲ; ಕಂತು, ಇಂಧನ, ವಿಮೆ, ಸವೆದ ಟೈರು ಮಾತ್ರ ಅವನವು.

ಪ್ರಶ್ನೆಯ ನಿಜವಾದ ಗಂಟು ಇರುವುದು ಕಾಯುವ ಹೊತ್ತಿನಲ್ಲಿ. ಹನ್ನೆರಡನೆಯ ಶತಮಾನದ ಶರಣರಾದ ಅಂಬಿಗರ ಚೌಡಯ್ಯನವರನ್ನು ನೆನೆಯಿರಿ. ಹುಟ್ಟು ಹಾಕುವಾಗ ಮಾತ್ರ ಅವರು ಅಂಬಿಗರು, ದಡದಲ್ಲಿ ಜನರಿಗಾಗಿ ಕಾದು ನಿಂತಾಗ ಅಲ್ಲ ಎಂದು ನಮ್ಮಲ್ಲಿ ಯಾರಾದರೂ ಹೇಳಿಯಾರೆ? ದೋಣಿ ದಡದಲ್ಲಿ ಸಿದ್ಧವಾಗಿರುವುದರಿಂದಲೇ ಹೊತ್ತಲ್ಲದ ಹೊತ್ತಿನಲ್ಲಿ ಬಂದವನೂ ಹೊಳೆ ದಾಟುತ್ತಾನೆ. ರೈಲು ನಿಲ್ದಾಣದ ಬಳಿ ಕಾರಿನ ಸೀಟನ್ನು ಹಿಂದಕ್ಕೆ ಬಾಗಿಸಿ ಒರಗಿದವರನ್ನು ತಾವು ಕಂಡಿರಬಹುದು. ಅವರದು ವಿಶ್ರಾಂತಿಯಲ್ಲ, ಕಣ್ಣು ಮುಚ್ಚಿದ್ದರೂ ಕಿವಿ ಮೊಬೈಲಿನ ಮೇಲಿದೆ. ನಾವು ಬೆರಳೊತ್ತಿದ ಕೆಲವೇ ನಿಮಿಷಗಳಲ್ಲಿ ಕಾರು ಬಾಗಿಲಿಗೆ ಬರುವುದು ಅವರು ಹಾಗೆ ಕಾದುದರಿಂದ. ಆ ಅನುಕೂಲವನ್ನು ಪಡೆದು, ಕಾದ ಹೊತ್ತು ಅವರದೇ ಎನ್ನುವುದು ನ್ಯಾಯವೆ?

ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರವರಿ 19ರಂದು ಊಬರ್ ಚಾಲಕರ ಮೊಕದ್ದಮೆಯಲ್ಲಿ ಈ ಗಂಟನ್ನೇ ಬಿಡಿಸಿತು: ತನ್ನ ಪ್ರದೇಶದಲ್ಲಿ ಆ್ಯಪ್ ತೆರೆದು, ಸವಾರಿ ಸ್ವೀಕರಿಸಲು ಸಿದ್ಧನಾಗಿರುವ ಹೊತ್ತೂ ದುಡಿಮೆಯ ಹೊತ್ತೇ ಎಂದಿತು. ನಮ್ಮ ರಾಜ್ಯದಲ್ಲಿಯೂ 2025ರಲ್ಲಿ ಗಿಗ್ ಕಾರ್ಮಿಕರ ಕಾಯಿದೆ ಬಂದಿದೆ. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಕಂಪನಿಗಳಿಂದ ಶೇ. 1ರಿಂದ 5ರವರೆಗೆ ಕ್ಷೇಮನಿಧಿಗೆ ಶುಲ್ಕ ವಸೂಲಿಗೆ ಅದು ಅವಕಾಶ ಮಾಡಿದೆ. ಸ್ವಾಗತಾರ್ಹವೇ ಸರಿ. ಆದರೆ ಆ ಶುಲ್ಕದ ಲೆಕ್ಕ ಸವಾರಿಗೆ. ಕಾದ ತಾಸುಗಳಿಗೆ ಅಲ್ಲಿ ಎಣಿಕೆಯಿಲ್ಲ.

ಯಾರ ಮನೆಯ ಒಲೆ ಈ ದುಡಿಮೆಯೊಂದರಿಂದಲೇ ಉರಿಯುವುದೋ ಅವನದು ಪೂರ್ಣ ಉದ್ಯೋಗವೆಂದೇ ನನ್ನ ಅಭಿಪ್ರಾಯ. ಕಾನೂನು ಹಾಗೆ ಎಣಿಸುವುದು ತಡವಾದೀತು. ಸಂಬಂಧ ಕೂಡಿಸುವಾಗ ವರನ ಉದ್ಯೋಗ ಕೇಳುವ ನಾವು ನೀವು ಇಂದಿನಿಂದಲೇ ಹಾಗೆ ಎಣಿಸಲು ಅಡ್ಡಿಯೇನು?

ಆ ತರುಣನು ಪ್ರಸಾದ ಸ್ವೀಕರಿಸಿ ಹೊರಟಾಗ, “ಇಂದು ರಜೆಯೇನಪ್ಪಾ?” ಎಂದೆ. “ನಮಗೆಲ್ಲಿಯ ರಜೆ, ಗುರುಗಳೇ! ಇವತ್ತಿನದನ್ನು ನಾಳೆ ರಾತ್ರಿ ಓಡಿಸಿ ತುಂಬಬೇಕು” ಎಂದು ನಕ್ಕು, ಕಾಲಿಗೆರಗಿ ನಡೆದನು.