ಬಿದ್ದವನನ್ನು ಕಂಡು ನಗುವುದು

ಬಿದ್ದವನನ್ನು ಕಂಡು ನಗುವುದು ಕ್ರೌರ್ಯವೇ ಎಂಬುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ಇನ್ನೊಬ್ಬನ ಕುಂದು ಕಂಡಾಗ ತಾನು ಮೇಲೆಂದು ಥಟ್ಟನೆ ಉಕ್ಕುವ ಹೆಮ್ಮೆಯೇ ನಗು ಎಂದು 17ನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ವಿವರಿಸಿದ. ಫ್ರಾನ್ಸಿನ ಆನ್ರಿ ಬರ್ಗ್‌ಸನ್ 1900ರಲ್ಲಿ ಬೇರೆ ಕಾರಣ ಕೊಟ್ಟ: ಜೀವವಿರುವ ಮನುಷ್ಯ ಯಂತ್ರದಂತೆ ನಡೆದುಕೊಂಡಾಗ ನಗು ಹುಟ್ಟುತ್ತದೆ, ನಗುವಷ್ಟು ಹೊತ್ತು ಮನಸ್ಸು ಮರುಕವನ್ನು ಬದಿಗಿಟ್ಟಿರುತ್ತದೆ. ಭರತನ ನಾಟ್ಯಶಾಸ್ತ್ರ ವಿಕೃತ ವೇಷ, ವಿಪರೀತ ಅಲಂಕಾರಗಳನ್ನು ಹಾಸ್ಯದ ವಿಭಾವಗಳು, ಎಂದರೆ ಆ ರಸ ಹುಟ್ಟಲು ಕಾರಣಗಳು, ಎನ್ನುತ್ತದೆ. ಕರುಣ ಅಲ್ಲಿ ಬೇರೆಯೇ ರಸ.

ಈ ವಿಚಾರಗಳನ್ನು ಒರೆಗೆ ಹಚ್ಚಲು ಅಮೆರಿಕದ ಮೂಕಿಚಿತ್ರಗಳ ಹಾಸ್ಯನಟ ಚೆಸ್ಟರ್ ಕಾಂಕ್ಲಿನ್‌ನ ವೃತ್ತಿಜೀವನ ತಕ್ಕ ಉದಾಹರಣೆ. 1886ರಲ್ಲಿ ಅಯೋವಾದಲ್ಲಿ ಹುಟ್ಟಿದ ಈತ ಸರ್ಕಸ್ಸಿನ ವಿದೂಷಕನಾಗಿದ್ದು, 1913ರಲ್ಲಿ ಮ್ಯಾಕ್ ಸೆನೆಟ್‌ನ ಕೀಸ್ಟೋನ್ ಕಂಪನಿ ಸೇರಿದ. ಬಾಯಿ ಮುಚ್ಚುವಷ್ಟು ಪೊದೆಮೀಸೆಯೇ ಈತನ ಗುರುತು. ಭರತ ಹೇಳುವ ವಿಕೃತ ವೇಷಕ್ಕೆ ಅದೊಂದೇ ಸಾಕಿತ್ತು. ಒದೆತ, ಓಟ, ಬೀಳಾಟಗಳೇ ಕೀಸ್ಟೋನ್ ಚಿತ್ರಗಳ ಬಂಡವಾಳ. ಅಲ್ಲಿ ಬಿದ್ದವನಿಗೆ ನೋವಾಗುವುದಿಲ್ಲ, ಮರುಗಳಿಗೆಯಲ್ಲೇ ಎದ್ದು ಓಡುತ್ತಾನೆ. ಆ ಭರವಸೆಯಿರುವುದರಿಂದಲೇ ನೋಡುಗ ಅಳುಕಿಲ್ಲದೆ ನಗುತ್ತಾನೆ. ಎದ್ದು ಬರುವವನನ್ನು ಕಂಡು ನಗುವುದನ್ನು ಕ್ರೌರ್ಯವೆನ್ನಲಾಗದು.

1924ರ ‘ಗ್ರೀಡ್’ ಚಿತ್ರದಲ್ಲಿ ನಾಯಕಿಯ ತಂದೆಯಾಗಿ ಕಾಂಕ್ಲಿನ್ ಪೋಷಕ ಪಾತ್ರಗಳಲ್ಲೂ ಹೆಸರು ಮಾಡಿದ. ಆದರೆ ನಗು ಕ್ರೌರ್ಯವೇ ಎಂಬ ಪ್ರಶ್ನೆಗೆ ಹೆಚ್ಚು ಬೆಳಕು ಚೆಲ್ಲುವುದು ಚಾಪ್ಲಿನ್‌ನ ‘ಮಾಡರ್ನ್ ಟೈಮ್ಸ್’ (1936). ಅದರಲ್ಲಿ ಕಾಂಕ್ಲಿನ್ ಕಾರ್ಖಾನೆಯ ಮೆಕ್ಯಾನಿಕ್, ಚಾಪ್ಲಿನ್ ಅವನ ಸಹಾಯಕ. ಹಲ್ಲುಚಕ್ರಗಳ ನಡುವೆ ಮೆಕ್ಯಾನಿಕ್ ಸಿಕ್ಕಿಬೀಳುತ್ತಾನೆ. ತಲೆ ಮಾತ್ರ ಹೊರಗಿದೆ. ಅಷ್ಟರಲ್ಲಿ ಊಟದ ಸೀಟಿ ಕೂಗಿ ಯಂತ್ರ ನಿಲ್ಲುತ್ತದೆ. ಬಿಡಿಸಲಾಗದ ಸಹಾಯಕ ಅವನಿಗೆ ತುತ್ತಿಡುತ್ತಾನೆ. ಹುರಿದ ಇಡೀ ಕೋಳಿಯನ್ನೇ ಆಲಿಕೆ ಮಾಡಿಕೊಂಡು ಬಾಯಿಗೆ ಕಾಫಿ ಹೊಯ್ಯುತ್ತಾನೆ.

ಮನುಷ್ಯ ಇಲ್ಲಿ ಅಕ್ಷರಶಃ ಯಂತ್ರದ ಭಾಗವಾಗಿದ್ದಾನೆ. ಬರ್ಗ್‌ಸನ್ ಹೇಳಿದ ನಗು ಹುಟ್ಟುತ್ತದೆ. ಆದರೆ ಮರುಕ ದೂರ ಸರಿದಿಲ್ಲ. ನಗಿಸುವ ಕೆಲಸವೇ ಹಸಿದವನಿಗೆ ಉಣಿಸುವ ಕೆಲಸ. ಹಾಬ್ಸ್‌ನ ಹೆಮ್ಮೆಗೂ ಇಲ್ಲಿ ಎಡೆಯಿಲ್ಲ: ಸಿಕ್ಕಿಬಿದ್ದವನು ಮೇಲಿನ ಕೆಲಸಗಾರ, ಉಣಿಸುವವನು ಅವನ ಕೈಕೆಳಗಿನವನು, ಆ ಯಂತ್ರ ಇಬ್ಬರನ್ನೂ ನುಂಗಬಲ್ಲದು.

ಮಾತಿನ ಚಿತ್ರಗಳ ಕಾಲದಲ್ಲಿ ಕಾಂಕ್ಲಿನ್‌ನ ಪಾತ್ರಗಳು ಕಿರಿದಾದವು. 1950ರ ದಶಕದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಅಂಗಡಿಯೊಂದರಲ್ಲಿ ಸಾಂತಾಕ್ಲಾಸ್ ವೇಷ ಹಾಕಿದ್ದೂ ಉಂಟು. 1971ರಲ್ಲಿ ತೀರಿಕೊಂಡ. ಮೊದಲ ಪ್ರಶ್ನೆಗೆ ಮರಳಿದರೆ, ಬಿದ್ದವನನ್ನು ಹಾಗೇ ಬಿಟ್ಟು ನಗುವುದು ಕ್ರೌರ್ಯ. ಅವನ ಬಾಯಿಗೆ ತುತ್ತಿಡುತ್ತಲೂ ನಗಬಹುದೆಂಬುದಕ್ಕೆ ಹಲ್ಲುಚಕ್ರಗಳ ನಡುವಿನ ಆ ಊಟ ಸಾಕ್ಷಿ.