ಬೇಲಿಯೊಳಗಿನ ಕಾಟಿ

ಕಾಡುಪ್ರಾಣಿಯನ್ನು ಬೇಲಿಯೊಳಗಿಟ್ಟು ಸಾಕುವುದು ದಯೆಯೋ ಹಿಂಸೆಯೋ ಎಂಬ ಪ್ರಶ್ನೆಯನ್ನು ಜೈನ ಶಾಸ್ತ್ರದಿಂದ ಶುರುಮಾಡುವುದು ಒಳ್ಳೆಯದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ದೋಷಗಳನ್ನು, ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಹೊಡೆಯುವುದು, ಅಂಗ ಕತ್ತರಿಸುವುದು, ಉಪವಾಸ ಕೆಡವುವುದು ಎಲ್ಲಕ್ಕೂ ಮೊದಲು ಕಟ್ಟಿಹಾಕುವುದೇ ಬರುತ್ತದೆ. ಆದರೆ ಹಟ್ಟಿಯ ದನವನ್ನು ಕಟ್ಟದೆ ಗೃಹಸ್ಥನ ಬದುಕು ಸಾಗದು. ಅದಕ್ಕೆ ಶ್ರಾವಕಾಚಾರದ, ಅಂದರೆ ಜೈನ ಗೃಹಸ್ಥರ ನಡಾವಳಿಯ, ವ್ಯಾಖ್ಯಾನಗಳು ಒಂದು ದಾರಿ ತೋರಿಸುತ್ತವೆ: ಅಗತ್ಯಕ್ಕೆ ಕಟ್ಟಬಹುದು, ಗಂಟು ಮಾತ್ರ ಸಡಿಲವಿರಬೇಕು, ಬೆಂಕಿ ಬಿದ್ದರೆ ಥಟ್ಟನೆ ಬಿಚ್ಚಲು ಬರಬೇಕು. ಕತ್ತಲೆ ಬಸದಿಯಿರುವ ಬ್ರಹ್ಮಾವರ ತಾಲ್ಲೂಕಿನ ಬಾರಕೂರಿಗೆ ಇದು ಹೊರಗಿನ ವಿಚಾರವೇನಲ್ಲ.

ವೈದಿಕರಲ್ಲಿ ವೃಷೋತ್ಸರ್ಗವಿದೆ. ಗೂಳಿಯನ್ನು ಸಿಂಗರಿಸಿ, ಮತ್ತೆ ನೊಗ ಹೂಡದಂತೆ ಬಿಟ್ಟುಬಿಡುವ ವಿಧಿ ಅದು. ಅಲ್ಲಿ ಕಟ್ಟುವುದು ದೋಷ, ಇಲ್ಲಿ ಬಿಡುವುದು ಪುಣ್ಯ.

ಬೈಂದೂರು, ಕುಂದಾಪುರದ ಮೂಡಣ ಘಟ್ಟದಲ್ಲಿ ಕಾಟಿಗಳು, ಅಂದರೆ ಕಾಡುಕೋಣಗಳು, ಬಿಡುಬೀಸಾಗಿಯೇ ಇವೆ. ಕೊಲ್ಲೂರಿನ ಸುತ್ತಣ ಕಾಡು 1974ರಲ್ಲಿ ಮೂಕಾಂಬಿಕಾ ವನ್ಯಜೀವಿ ಧಾಮವಾಯಿತು. ಮೊಣಕಾಲಿಂದ ಕೆಳಗೆ ಬೆಳ್ಳಗಿರುವ, ಸಾವಿರ ಕಿಲೋವರೆಗೂ ತೂಗುವ ಹೋರಿ ತೋಟಕ್ಕೆ ನುಗ್ಗಿದರೆ ಅಡಿಕೆ ಸಸಿ ಉಳಿಯದು. ಹಾಗಾಗಿ ಇಲ್ಲಿ ಐಬೆಕ್ಸ್ ವಿದ್ಯುತ್ ಬೇಲಿಯೊಳಗೆ ಇರುವುದು ಕೃಷಿಕನ ತೋಟ, ಪ್ರಾಣಿಯಲ್ಲ. ಇದಕ್ಕೆ ಬಂಧದೋಷ ಹತ್ತದು. ಬೆಳೆ ಕಳೆದುಕೊಂಡವನಿಗೆ ಅಹಿಂಸೆಯ ಪಾಠ ಹೇಳುವುದೂ ಸುಲಭವಲ್ಲ.

ಮಂಗಳೂರಿನ ಪಿಲಿಕುಳದ ಜೈವಿಕ ಉದ್ಯಾನದ ಸ್ಥಿತಿ ಬೇರೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಹೆಸರು ಹೊತ್ತ ಈ ಉದ್ಯಾನದಲ್ಲಿ ಕಾಟಿ, ಕಡವೆಗಳಿಗೆ ಹೊತ್ತಿಗೆ ಮೇವುಂಟು, ವೈದ್ಯರುಂಟು, ಹುಲಿಯ ಭಯವಿಲ್ಲ. ಅನ್ನಪಾನನಿರೋಧವಿಲ್ಲ, ಬಂಧ ಉಂಟು.

ಆ ಬಂಧ ಸಡಿಲವೇ ಎಂಬುದೇ ಮುಖ್ಯ ಪ್ರಶ್ನೆ. ಅಮೆರಿಕದ ಕಾಡೆಮ್ಮೆ (ಬೈಸನ್) ಬೇಟೆಗೆ ಸಿಕ್ಕಿ ಅಳಿವಿನಂಚು ಮುಟ್ಟಿದ್ದಾಗ, 1907ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ 15 ಪ್ರಾಣಿಗಳನ್ನು ರೈಲಿನಲ್ಲಿ ಒಕ್ಲಹೋಮಾದ ವಿಚಿಟಾ ಬೆಟ್ಟಗಳಿಗೆ ಒಯ್ದರು. ಬೇಲಿಯೊಳಗೆ ಉಳಿದದ್ದೇ ಮತ್ತೆ ಹುಲ್ಲುಗಾವಲಿನ ಹಿಂಡಾಯಿತು. ಅಲ್ಲಿ ಗಂಟು ಬಿಚ್ಚುವಂತಿತ್ತು. ಗಾಯಗೊಂಡು ಕಾಡಿನಲ್ಲಿ ಬದುಕಲಾರದ ಪ್ರಾಣಿಯನ್ನು ಸಾಕುವುದನ್ನೂ ಅದೇ ವ್ಯಾಖ್ಯಾನ ಒಪ್ಪೀತು. ಬರಿಯ ನೋಟಕ್ಕೆಂದು ಹಿಂಡನ್ನು ತಲೆಮಾರುಗಟ್ಟಲೆ ಬೇಲಿಯೊಳಗಿಡುವುದನ್ನು ಮಾತ್ರ ಒಪ್ಪದು. ಟಿಕೆಟ್ಟಿನ ಹಣ ಮೇವಿಗೇ ಹೋದರೂ ಅದು ಬಂಧವೇ.