ನಾಳೆ ಬೆಳಿಗ್ಗೆ ಏನು ಮಾಡುವುದು?

ಮೆಟ್ಟಿಲು ಹತ್ತಿ ದಣಿದು ಬಂದಿದ್ದೀರಿ. ನೆರಳಿನಲ್ಲಿ ಕೂತು, ನೀರು ಕುಡಿದು, ಆಮೇಲೆ ಓದಿ. ಸ್ಥಳಪುರಾಣ, ಪೂಜೆಯ ವೇಳೆ, ಸೇವಾದರದ ಪಟ್ಟಿ ಎಲ್ಲಾ ಈ ಪುಸ್ತಕದ ಬೇರೆ ಪುಟಗಳಲ್ಲಿವೆ. ನಾನು ಸೇವಾ ರಸೀದಿ ಬರೆಯುವ ಗುಮಾಸ್ತ. ಓದಿದ್ದು ಪಿಯುಸಿ ತನಕ, ಪಂಡಿತನಲ್ಲ. ಆದರೆ ಕೌಂಟರಿನ ಕಿಂಡಿಯಲ್ಲಿ ಇಪ್ಪತ್ತೆಂಟು ವರ್ಷ ಕೂತವನಿಗೆ ಜನರ ಕಷ್ಟ ಒಂದಿಷ್ಟು ತಿಳಿಯುತ್ತದೆ. ರಸೀದಿಗೆ ಬೇಕಾಗಿರೋದು ಹೆಸರು, ಗೋತ್ರ, ನಕ್ಷತ್ರ ಅಷ್ಟೇ. ಕೆಲವರಿಗೆ ಆ ಮೂರು ಮಾತು ಹೇಳುವಷ್ಟರಲ್ಲೇ ಗಂಟಲು ಕಟ್ಟಿರುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ಗಂಡ ತೀರಿಕೊಂಡು ಮೂರು ತಿಂಗಳು. ಬಾಡಿಗೆ ಮನೆ. ಅರ್ಚನೆಯ ರಸೀದಿ ಬರೆಯುತ್ತಾ ನಾನು ಅಭ್ಯಾಸಬಲದಿಂದ ಹೇಳಿದೆ, "ದೇವರ ಮೇಲೆ ಭಾರ ಹಾಕಿ ತಾಯಿ. ಧೈರ್ಯವಾಗಿ ನಿಮ್ಮ ಕಾಲ ಮೇಲೆ ನೀವು ನಿಲ್ಲಬೇಕು." ಆಕೆ ಸಿಟ್ಟು ಮಾಡಲಿಲ್ಲ. ಸಮಾಧಾನವಾಗೇ ಕೇಳಿದರು. "ಅದೆಲ್ಲಾ ಸರಿ ಅಣ್ಣಾ. ನಾಳೆ ಬೆಳಿಗ್ಗೆ ಎದ್ದು ನಾನು ಏನ್ ಮಾಡ್ಲಿ, ಅದನ್ನ ಹೇಳಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ರಸೀದಿ ಕೊಟ್ಟೆ, ಚಿಲ್ಲರೆ ಕೊಟ್ಟೆ, ಹಿಂದಿನವರು ಮುಂದೆ ಬಂದರು.

ಅದು ಬಹಳ ದಿನ ಕಾಡಿತು. ಯಾಕೆಂದರೆ ಅದೇ ಪ್ರಶ್ನೆಯನ್ನು ನಾನೂ ಕೇಳಿಕೊಂಡು ನಿದ್ದೆಗೆಟ್ಟವನು. 2011ರಲ್ಲಿ ಹತ್ತಿರದ ನೆಂಟರೊಬ್ಬರ ಸಾಲಕ್ಕೆ ಜಾಮೀನು ಹಾಕಿದ್ದೆ. ಅವರು ಊರು ಬಿಟ್ಟರು, ಸಾಲ ನನ್ನ ತಲೆಗೆ ಬಂತು. ನಾನು ಮಾಡಿದ ದೊಡ್ಡ ತಪ್ಪು ಜಾಮೀನು ಹಾಕಿದ್ದಲ್ಲ, ಅದಾದ ಮೇಲಿನದು. ಮನೆಗೆ ಬಂದ ನೋಟೀಸುಗಳನ್ನು ಒಡೆಯದೆ ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಡುತ್ತಿದ್ದೆ. ದಿನಾ ಬೆಳಿಗ್ಗೆ ಗರ್ಭಗುಡಿಯ ಮುಂದೆ ನಿಂತು "ನೀನೇ ಕಾಪಾಡಪ್ಪ" ಅಂತ ಕೈ ಮುಗಿಯುತ್ತಿದ್ದೆ, ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಹುಂಡಿ ಎಣಿಕೆಯ ಲೆಕ್ಕವನ್ನು ಪೈಸೆ ಬಿಡದಂತೆ ಬರೆಯುವ ಮನುಷ್ಯನಿಗೆ ತನ್ನ ಮನೆಯ ಸಾಲ ಎಷ್ಟು ಅಂತಲೇ ಗೊತ್ತಿರಲಿಲ್ಲ.

ಬಟ್ಟೆ ಜೋಡಿಸುವಾಗ ನಮ್ಮ ಮನೆಯವರ ಕೈಗೆ ಆ ಲಕೋಟೆಗಳು ಸಿಕ್ಕವು. ನಾಲ್ಕು ಮಾತು ಬೈದರು, ಬೈಸಿಕೊಳ್ಳಬೇಕಾದ್ದೇ. ಆಮೇಲೆ ಮಗನ ಹಳೇ ನೋಟ್‌ಬುಕ್ ತಂದಿಟ್ಟು, "ಬರೀರಿ, ಯಾರಿಗೆ ಎಷ್ಟು ಅಂತ" ಎಂದರು. ಕಿರಾಣಿ ಅಂಗಡಿಯ ಬಾಕಿಯೂ ಸೇರಿ 1,86,000 ರೂಪಾಯಿ ಆಯಿತು. ನಿಜ ಹೇಳುತ್ತೇನೆ, ಆ ರಾತ್ರಿ ನನಗೆ ನಿದ್ದೆ ಬಂತು. ಸಾಲ ಒಂದು ರೂಪಾಯಿಯೂ ಕಡಿಮೆ ಆಗಿರಲಿಲ್ಲ. ಅಳತೆ ಸಿಕ್ಕಿತ್ತು ಅಷ್ಟೇ.

ಮುಂದೆ ಹೇಳಿಕೊಳ್ಳುವಂಥ ಸಾಹಸ ಏನೂ ನಡೆಯಲಿಲ್ಲ. ಸಂಬಳದಲ್ಲಿ ಕಂತು ಮುರಿದುಕೊಳ್ಳುವಂತೆ ಬರೆದುಕೊಟ್ಟೆ. ಜೀಪು ಬಿಟ್ಟು ಮೆಟ್ಟಿಲು ಹತ್ತಿ ಕೆಲಸಕ್ಕೆ ಬರತೊಡಗಿದೆ. ಮನೆಯವರು ನಸುಕಿನಲ್ಲಿ ಎದ್ದು ಹೂ ಕಟ್ಟಿ, ಮಾರಿನ ಲೆಕ್ಕದಲ್ಲಿ ಕೆಳಗಿನ ಅಂಗಡಿಗೆ ಕೊಡತೊಡಗಿದರು. ರಾತ್ರಿ ಊಟವಾದ ಮೇಲೆ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯುವುದು. ಕೆಲವು ದಿನ ಆ ಸಾಲಿನಲ್ಲಿ ಹತ್ತು ರೂಪಾಯಿ, ಕೆಲವು ದಿನ ಸೊನ್ನೆ. ಸೊನ್ನೆಯಾದರೂ ಬರೆಯಲೇಬೇಕು ಅನ್ನೋದು ಅವರ ಕಟ್ಟಪ್ಪಣೆ. ಪೂರ್ತಿ ತೀರಿದ್ದು 2017ರಲ್ಲಿ. ಹನಿಹನಿಗೂಡಿದರೆ ಹಳ್ಳ ಅನ್ನುತ್ತಾರಲ್ಲ, ಹಳ್ಳ ಆಗೋದಕ್ಕೆ ಎಷ್ಟು ವರ್ಷ ಅಂತ ಗಾದೆ ಹೇಳುವುದಿಲ್ಲ.

ಇದರಲ್ಲಿ ನನಗೆ ಬಹಳ ಕಷ್ಟವಾದ ಹೆಜ್ಜೆ ಯಾವುದು ಗೊತ್ತೇ? ಮೆಟ್ಟಿಲು ಹತ್ತಿದ್ದಲ್ಲ. ತಮ್ಮನ ಮನೆಗೆ ಹೋಗಿ, "ಹೀಗಾಗಿದೆ, ಮಗನ ಫೀಸಿಗೆ ಒಂದು ವರ್ಷ ನೋಡಿಕೋ" ಅಂತ ಬಾಯಿ ಬಿಟ್ಟಿದ್ದು. ಸ್ವಾವಲಂಬನೆ ಅಂದರೆ ಯಾರ ಹತ್ತಿರವೂ ಕೇಳಬಾರದು ಅಂತ ತಿಳಿದು ನಾನು ಎಂಟು ತಿಂಗಳು ಹಾಳು ಮಾಡಿಕೊಂಡಿದ್ದೆ. ಈಗ ಅನ್ನಿಸುತ್ತದೆ, ಅದು ಸ್ವಾವಲಂಬನೆ ಅಲ್ಲ, ಜಂಬ. ಕೇಳುವುದರಲ್ಲಿ ತಪ್ಪಿಲ್ಲ. ಕೇಳಿ ತಂದಮೇಲೆ ನಾನು ಕೈಕಟ್ಟಿ ಕೂತರೆ ಅದು ತಪ್ಪು.

ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನಲ್ಲಿ ಕೇಪು ಅಂತ ಗ್ರಾಮ. ಅಲ್ಲಿನ ಅಮೈ ಮಹಾಲಿಂಗ ನಾಯ್ಕರ ಹೆಸರು ಕೇಳಿರಬಹುದು, 2022ರಲ್ಲಿ ಪದ್ಮಶ್ರೀ ಬಂತು. ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕೆಲಸದವರು. ಅವರಿಗೆ ಸಿಕ್ಕಿದ್ದು ಒಣ ಗುಡ್ಡದ ಇಳಿಜಾರಿನಲ್ಲಿ ಎರಡು ಎಕರೆ. ನೀರಿಲ್ಲ, ಬಾವಿ ತೋಡಿಸಲು ದುಡ್ಡಿಲ್ಲ. ಆ ಕಡೆ, ಕಾಸರಗೋಡಿನ ಕಡೆ, ಸುರಂಗ ಕೊರೆಯುವ ಹಳೇ ಪದ್ಧತಿ ಇದೆ. ಗುಡ್ಡದ ಹೊಟ್ಟೆಯೊಳಕ್ಕೆ ಅಡ್ಡಡ್ಡಲಾಗಿ, ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಮುರಕಲ್ಲನ್ನು ಅಗೆಯುತ್ತಾ ಹೋಗುವುದು. ಒಳಗಿನ ಒರತೆ ಸಿಕ್ಕಿದರೆ ನೀರು ತಾನಾಗಿ ಹೊರಕ್ಕೆ ಹರಿದು ಬರುತ್ತದೆ, ಪಂಪೂ ಬೇಡ, ಕರೆಂಟೂ ಬೇಡ. ನಾಯ್ಕರು ಹಗಲು ಕೂಲಿ ಮುಗಿಸಿ ಬಂದು, ಸಂಜೆಯ ಮೇಲೆ ದೀಪ ಇಟ್ಟುಕೊಂಡು ಒಬ್ಬರೇ ಅಗೆದರು. ಮೊದಲ ಸುರಂಗ ಒಣಗಿತ್ತು. ಅದನ್ನು ಬಿಟ್ಟು ಇನ್ನೊಂದು, ಅದೂ ಒಣ. ಹೀಗೆ ಒಂದಾದ ಮೇಲೊಂದು, ವರ್ಷಗಟ್ಟಲೆ. ಊರವರು ನಕ್ಕರು. ಕಡೆಗೊಂದು ಸುರಂಗದಲ್ಲಿ ನೀರು ಬಂತು, ಅದೇ ಗುಡ್ಡದಲ್ಲಿ ಅಡಿಕೆ ತೋಟ ಎದ್ದಿತು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಒಂದು ಸಂಗತಿಯನ್ನು ಬೇಗ ದಾಟಿಬಿಡುತ್ತಾರೆ. ಆ ಎರಡು ಎಕರೆಯನ್ನು ಕೊಟ್ಟವರು ಅವರು ಕೂಲಿಗೆ ಹೋಗುತ್ತಿದ್ದ ಮನೆಯ ಯಜಮಾನರು. ಕೊಟ್ಟ ಕೈಯೊಂದು ಇತ್ತು, ಅಗೆದ ಕೈ ನಾಯ್ಕರದು. ಎರಡರಲ್ಲಿ ಒಂದಿಲ್ಲದಿದ್ದರೂ ಗುಡ್ಡ ಗುಡ್ಡವಾಗೇ ಇರುತ್ತಿತ್ತು.

ಇನ್ನೊಂದು ಮಾತು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಕಡೇ ಸುರಂಗವೂ ಒಣಗಿದ್ದರೆ? ಅಷ್ಟೇ ದುಡಿದು ನೀರು ಕಾಣದವರು ಇರಲಾರರೇ? ಇದ್ದಾರೆ, ಈ ಕಿಂಡಿಯ ಮುಂದೆ ನಿಂತವರಲ್ಲೇ ಇದ್ದಾರೆ. ಅಂಥವರಿಗೆ "ನಿಮ್ಮ ಪ್ರಯತ್ನ ಸಾಲದು" ಅನ್ನುವ ಅಧಿಕಾರ ಯಾರಿಗೂ ಇಲ್ಲ. ಪ್ರಯತ್ನಕ್ಕೆ ಫಲ ಬಂದೇ ಬರುತ್ತದೆ ಅಂತ ನಾನು ಬರೆದುಕೊಡಲಾರೆ. ಒಂದು ದಿನದ ಕೆಲಸ ಒಂದು ದಿನವನ್ನಂತೂ ದಾಟಿಸುತ್ತದೆ, ಅಷ್ಟನ್ನು ಹೇಳಬಲ್ಲೆ.

ಹನ್ನೆರಡನೇ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ಎಲ್ಲರಿಗೂ ಗೊತ್ತಿರುವುದೇ. ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರೆ, ಲಕ್ಕಮ್ಮನವರು ಒಪ್ಪದೆ, ಹೆಚ್ಚಿನದನ್ನು ವಾಪಸ್ಸು ಸುರಿದು ಬನ್ನಿ ಅಂದರಂತೆ. ಆಸೆ ಪಡಬಾರದು ಅನ್ನುವುದಕ್ಕೆ ಈ ಕಥೆ ಹೇಳುತ್ತಾರೆ. ನನಗೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ನಾಳೆಯ ಹೊರೆಯನ್ನು ಇವತ್ತೇ ಹೊತ್ತು ತರಬೇಡಿ ಅಂದ ಹಾಗಿದೆ. ಕಷ್ಟದಲ್ಲಿ ಇರುವವನು ಮಾಡುವುದು ಅದನ್ನೇ ಅಲ್ಲವೇ? ಐದು ವರ್ಷದ ಸಾಲವನ್ನು ಒಂದೇ ರಾತ್ರಿಯಲ್ಲಿ ಹೊರುತ್ತಾನೆ.

ಹಾಗಾದರೆ ದೇವರ ಮೇಲೆ ಭಾರ ಹಾಕುವುದು ಎಂದರೇನು? ಹಿಂದೆ ತಲೆಹೊರೆಯವರಿಗೆ ಅಂತ ದಾರಿಬದಿಯಲ್ಲಿ ಆಳೆತ್ತರದ ಕಲ್ಲು ನಿಲ್ಲಿಸುತ್ತಿದ್ದರು. ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಮತ್ತೆ ತಲೆಗೆ ತೆಗೆದುಕೊಂಡು ಹೋಗುವುದು. ಹೊರೆಯನ್ನು ಅಲ್ಲೇ ಬಿಟ್ಟು ಹೋದವರನ್ನು ನಾನು ಕೇಳಿಲ್ಲ. ಸನ್ನಿಧಿ ನನಗೆ ಆ ಕಲ್ಲಿನ ಹಾಗೆ ಕಾಣುತ್ತದೆ. ಅರ್ಚಕರು ಇದನ್ನು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ!

ಆ ತಾಯಿ ಮತ್ತೆ ಬಂದದ್ದು ನನಗೆ ಕಾಣಲಿಲ್ಲ. ಈಗ ಯಾರಾದರೂ ಹಾಗೆ ಕೇಳಿದರೆ ಉಪದೇಶ ಮಾಡುವುದಿಲ್ಲ. ಮೊದಲು "ಊಟ ಆಯ್ತಾ?" ಅಂತ ಕೇಳುತ್ತೇನೆ. ಜನ ಕಡಿಮೆಯಿದ್ದರೆ ಕಿಂಡಿ ಬಿಟ್ಟು ಹೊರಗೆ ಬಂದು ಜಗಲಿಯ ಮೇಲೆ ಕೂರುತ್ತೇನೆ. ಮರಣ ಪ್ರಮಾಣಪತ್ರ ತೆಗೆಸಿದ್ದೀರಾ, ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೀರಾ ಅಂತ ವಿಚಾರಿಸುತ್ತೇನೆ. ಬೇಕಾದ ಕಾಗದಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡುತ್ತೇನೆ. ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸಕ್ಕೆ ಮೊದಲನೇ ನಂಬರು ಹಾಕಿರುತ್ತೇನೆ. ಉಳಿದದ್ದಕ್ಕೆ ನಂಬರು ಹಾಕುವುದಿಲ್ಲ.

ಹೊತ್ತಾಯಿತು, ಸಂಜೆಯ ಮಂಗಳಾರತಿಗೆ ನಿಲ್ಲುವವರು ನಿಲ್ಲಿ. ಹೊರಡುವವರು ಕತ್ತಲಾಗುವ ಮುಂಚೆ ಹೊರಡಿ. ಹತ್ತುವಾಗಿನದಕ್ಕಿಂತ ಇಳಿಯುವಾಗ ಮೊಣಕಾಲಿಗೆ ಭಾರ ಹೆಚ್ಚು ಬೀಳುತ್ತದೆ, ವಯಸ್ಸಾದವರು ಕಂಬಿ ಹಿಡಿದು ನಿಧಾನವಾಗಿ ಇಳಿಯಿರಿ. ನಡುವಿನ ಮಂಟಪದಲ್ಲಿ ಕುಡಿಯುವ ನೀರು ಇಟ್ಟಿದ್ದೇವೆ.